ಸೂಕ್ಷ್ಮದರ್ಶಕದ ಮುಂದೆ ಒಂದು ಬಾಳು

ಕಾಲೇಜು ಪ್ರವೇಶದ ದಿನಗಳು ಬಂದವೆಂದರೆ ನಮ್ಮ ವಾಚನಾಲಯದಲ್ಲಿ ವೃತ್ತಪತ್ರಿಕೆ ಓದುವವರಿಗಿಂತ ಸಲಹೆ ಕೇಳುವವರೇ ಹೆಚ್ಚು. ಒಂದು ಸಂಜೆ, ಅಂಗಡಿಯ ಬಾಗಿಲನ್ನು ಬೇಗ ಹಾಕಿಕೊಂಡು ಬಂದ ತಂದೆಯೊಬ್ಬರು ಹನ್ನೆರಡನೆಯ ತರಗತಿ ಮುಗಿಸಿದ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: “ಮಾಸ್ತರರೇ, ಇವಳನ್ನು ಬಯೋಟೆಕ್ನಾಲಜಿಗೆ ಸೇರಿಸಿದರೆ ಮುಂದೆ ಕೆಲಸ ಸಿಕ್ಕೀತೇ? ಹೆಸರೇನೋ ದೊಡ್ಡದಾಗಿದೆ.” ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಸರ್, ಅದರಲ್ಲಿ ಸಂಶೋಧನೆ ಮಾಡುವವರು ದಿನವಿಡೀ ಏನು ಮಾಡುತ್ತಾರೆ?” ಎಂದಳು.

ತಂದೆಯ ಪ್ರಶ್ನೆ ನ್ಯಾಯವಾದದ್ದು. ಮಗಳ ಪ್ರಶ್ನೆ ಅದಕ್ಕಿಂತ ಮೊದಲು ಕೇಳಬೇಕಾದದ್ದು. ದಿನವಿಡೀ ಮಾಡುವ ಕೆಲಸ ಯಾವುದೆಂದು ತಿಳಿಯದೆ ಹೆಸರನ್ನು ನೋಡಿ ಹಾದಿ ಹಿಡಿದವರು ನಡುದಾರಿಯಲ್ಲಿ ನಿಂತುಬಿಡುವುದನ್ನು ನಾವು ಕಂಡಿದ್ದೇವೆ. ಆದ್ದರಿಂದ ಈ ಪಾಠ ಆ ಮಗಳ ಪ್ರಶ್ನೆಗೆ ಉತ್ತರ. ಉದಾಹರಣೆಗಾಗಿ ನಾವು ಬಹು ದೂರ ಹೋಗಬೇಕಾಗಿಲ್ಲ. ಜೀವಕೋಶಗಳನ್ನು ನೋಡುವುದರಲ್ಲಿಯೇ ಆಯುಷ್ಯ ಕಳೆದ ಕನ್ನಡಿಗರೊಬ್ಬರು ನಮಗೆಲ್ಲ ಪರಿಚಿತರೇ ಆಗಿದ್ದಾರೆ.

ಪುಸ್ತಕದ ಸ್ವಾಮಿ, ಪ್ರಯೋಗಶಾಲೆಯ ಸ್ವಾಮಿ

ನಮ್ಮ ಓದುಗರಿಗೆ ಬಿ. ಜಿ. ಎಲ್. ಸ್ವಾಮಿಯವರ ಪರಿಚಯ ‘ಹಸುರು ಹೊನ್ನು’, ‘ಕಾಲೇಜು ರಂಗ’, ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಮೊದಲಾದ ಪುಸ್ತಕಗಳ ಮೂಲಕ. ಡಿ. ವಿ. ಗುಂಡಪ್ಪನವರ ಮಗ, ನಗಿಸುತ್ತ ಕಲಿಸುವ ಲೇಖಕ, ‘ಹಸುರು ಹೊನ್ನು’ ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು ಎಂದು ಬಹುಮಂದಿ ಬಲ್ಲರು. ಆದರೆ ಅವರ ಸಂಬಳದ ಕೆಲಸ ಸಸ್ಯಶಾಸ್ತ್ರ. ಅದರಲ್ಲಿಯೂ ಅವರ ಕ್ಷೇತ್ರ ಸಸ್ಯಗಳ ಒಳರಚನೆ ಮತ್ತು ಭ್ರೂಣಶಾಸ್ತ್ರ. ಗಿಡದ ಕಾಂಡ, ಹೂವು, ಬೀಜಗಳ ಒಳಗೆ ಕೋಶಗಳು ಹೇಗೆ ಹುಟ್ಟಿ, ಹೇಗೆ ಜೋಡಿಕೊಂಡು, ಏನಾಗಿ ಬೆಳೆಯುತ್ತವೆ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತಿಳಿಯುವ ಶಾಸ್ತ್ರ ಅದು.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಮೈಸೂರು ವಿಶ್ವವಿದ್ಯಾನಿಲಯದ ಡಿ.ಎಸ್ಸಿ. ಪದವಿ ಪಡೆದು, 1940ರ ದಶಕದ ಕೊನೆಯಲ್ಲಿ ಅವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ಹೋದರು. ಅಲ್ಲಿ ಮರದ ಒಳರಚನೆಯ ವಿಷಯದಲ್ಲಿ ಲೋಕವಿಖ್ಯಾತರಾಗಿದ್ದ ಇರ್ವಿಂಗ್ ಬೈಲಿಯವರ ಜೊತೆ ಕೆಲಸ ಮಾಡಿದರು. ಹಿಂತಿರುಗಿದ ಮೇಲೆ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಬಹುಕಾಲ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದು, ಅದೇ ಕಾಲೇಜಿನ ಪ್ರಿನ್ಸಿಪಾಲರೂ ಆದರು. 1980ರಲ್ಲಿ ತೀರಿಕೊಂಡರು. ಹೀಗೆ ನಾಲ್ಕು ವಾಕ್ಯದಲ್ಲಿ ಒಂದು ವೃತ್ತಿಜೀವನವನ್ನು ಹೇಳಿಬಿಡಬಹುದು. ಆದರೆ ಮಗಳು ಕೇಳಿದ್ದು ಇದನ್ನಲ್ಲ. ದಿನವಿಡೀ ಏನು ಮಾಡುತ್ತಿದ್ದರು?

ಒಂದು ಮೊಗ್ಗಿಗೆ ಐನೂರು ತುಂಡು

ಐದು ಮಿಲಿಮೀಟರ್ ಉದ್ದದ ಒಂದು ಹೂಮೊಗ್ಗಿನ ಒಳಗನ್ನು ನೋಡಬೇಕಾಗಿದೆ ಎನ್ನೋಣ. ಇಡಿಯ ಮೊಗ್ಗನ್ನು ಮಸೂರದ ಕೆಳಗಿಟ್ಟರೆ ಕಪ್ಪಗೆ ಕಾಣುವುದೇ ಹೊರತು ಬೇರೇನೂ ಕಾಣದು, ಬೆಳಕು ಅದರ ಮೂಲಕ ಹಾಯುವುದಿಲ್ಲ. ಆದ್ದರಿಂದ ಅದನ್ನು ಬೆಳಕು ಹಾಯುವಷ್ಟು ತೆಳ್ಳಗೆ ಕೊಯ್ಯಬೇಕು. ಎಷ್ಟು ತೆಳ್ಳಗೆ? ಮಿಲಿಮೀಟರಿನ ನೂರರಲ್ಲಿ ಒಂದು ಪಾಲು, ಅಂದರೆ 10 ಮೈಕ್ರೊಮೀಟರ್. ನಮ್ಮ ತಲೆಗೂದಲಿನ ದಪ್ಪದ ಏಳರಲ್ಲೊಂದು ಭಾಗದಷ್ಟು.

ಹಸಿಯ ಮೊಗ್ಗು ಹೀಗೆ ಕೊಯ್ಯಿಸಿಕೊಳ್ಳುವುದಿಲ್ಲ, ಜಜ್ಜಿಹೋಗುತ್ತದೆ. ಮೊದಲು ಆಲ್ಕೊಹಾಲ್, ಫಾರ್ಮಲಿನ್ ಮತ್ತು ಅಸೆಟಿಕ್ ಆಮ್ಲಗಳ ಮಿಶ್ರಣದಲ್ಲಿ ಅದನ್ನು ನೆನೆಯಿಟ್ಟು ಕೋಶಗಳು ಇದ್ದುದು ಇದ್ದಂತೆ ನಿಲ್ಲುವ ಹಾಗೆ ಮಾಡಬೇಕು. ಆಮೇಲೆ ಹಂತಹಂತವಾಗಿ ಹೆಚ್ಚು ಹೆಚ್ಚು ಗಟ್ಟಿಯಾದ ಆಲ್ಕೊಹಾಲಿನಲ್ಲಿ ಇರಿಸಿ ಅದರೊಳಗಿನ ನೀರನ್ನು ತೆಗೆಯಬೇಕು. ಅವಸರಪಟ್ಟು ಒಂದು ಹಂತ ಬಿಟ್ಟರೆ ಕೋಶಗಳು ಸುಕ್ಕುಗಟ್ಟುತ್ತವೆ. ನೀರು ಹೋದ ಜಾಗಕ್ಕೆ ಕರಗಿದ ಮೇಣವನ್ನು ಮೆಲ್ಲಮೆಲ್ಲನೆ ತುಂಬಬೇಕು. ಮೇಣ ಗಟ್ಟಿಯಾದ ಮೇಲೆ ಮೈಕ್ರೊಟೋಮ್ ಎಂಬ ಕೊಯ್ಯುವ ಯಂತ್ರಕ್ಕೆ ಆ ಗಟ್ಟಿಯನ್ನು ಕಚ್ಚಿಸಿ ಹಿಡಿ ತಿರುಗಿಸಿದರೆ ತೆಳುವಾದ ಸೀಳುಗಳು ಒಂದಕ್ಕೊಂದು ಅಂಟಿಕೊಂಡು ರಿಬ್ಬನ್ನಿನ ಹಾಗೆ ಇಳಿಯುತ್ತವೆ. ಐದು ಮಿಲಿಮೀಟರಿನ ಮೊಗ್ಗಿಗೆ ಐನೂರು ಸೀಳು. ಇವನ್ನು ಅನುಕ್ರಮ ತಪ್ಪದಂತೆ ಗಾಜಿನ ಮೇಲೆ ಅಂಟಿಸಿ, ಮೇಣ ತೊಳೆದು, ಬಣ್ಣ ಕೊಡಬೇಕು. ಸಾಫ್ರನಿನ್ ಎಂಬ ಬಣ್ಣ ಮರದಂತೆ ಗಟ್ಟಿಯಾದ ಗೋಡೆಗಳನ್ನು ಕೆಂಪಾಗಿಸುತ್ತದೆ, ಫಾಸ್ಟ್ ಗ್ರೀನ್ ಎಂಬುದು ಎಳೆಯ ಗೋಡೆಗಳನ್ನು ಹಸುರಾಗಿಸುತ್ತದೆ.

ಇಷ್ಟಕ್ಕೆ ಒಂದು ವಾರಕ್ಕೂ ಹೆಚ್ಚು ಬೇಕು. ನೋಡುವ ಕೆಲಸ ಇನ್ನೂ ಆರಂಭವೇ ಆಗಿಲ್ಲ. ಈಗ ಒಂದೊಂದೇ ಸೀಳನ್ನು ನೋಡಿ, ಹಿಂದಿನದಕ್ಕೂ ಮುಂದಿನದಕ್ಕೂ ಏನು ವ್ಯತ್ಯಾಸವೆಂದು ಮನಸ್ಸಿನಲ್ಲಿ ಜೋಡಿಸಿಕೊಳ್ಳಬೇಕು. ಕಂಡದ್ದನ್ನು ಚಿತ್ರ ಬರೆಯಬೇಕು. ಆ ಕಾಲದವರು ಸೂಕ್ಷ್ಮದರ್ಶಕಕ್ಕೆ ಕ್ಯಾಮರಾ ಲ್ಯೂಸಿಡಾ ಎಂಬ ಪಟ್ಟಕವನ್ನು ಸಿಕ್ಕಿಸುತ್ತಿದ್ದರು. ಅದರಲ್ಲಿ ಕೋಶಗಳ ಬಿಂಬವೂ ಮೇಜಿನ ಮೇಲಿನ ಕಾಗದವೂ ಒಟ್ಟಿಗೆ ಕಾಣುತ್ತಿದ್ದುದರಿಂದ ಗೆರೆಯ ಮೇಲೆ ಗೆರೆ ಎಳೆಯಬಹುದಾಗಿತ್ತು.

ಕೊಳಾಯಿಯಿಲ್ಲದ ಗಿಡ

ಇಷ್ಟು ಶ್ರಮದ ಫಲವೇನು? ಸ್ವಾಮಿಯವರ ಕೆಲಸದಿಂದಲೇ ಒಂದು ನಿದರ್ಶನ ಕೊಡೋಣ.

ನಮ್ಮ ಹಳೆಯ ಚಾಳುಗಳಲ್ಲಿ ಮೇಲಣ ಮಾಳಿಗೆಗೆ ನೀರು ಏರುವ ಬಗೆ ಎರಡು. ಕೊಳಾಯಿ ಇದ್ದರೆ ತುದಿಯಿಂದ ತುದಿಗೆ ಒಂದೇ ತೆರಪು, ನೀರು ತಡೆಯಿಲ್ಲದೆ ಹರಿಯುತ್ತದೆ. ಕೊಳಾಯಿ ಕೆಟ್ಟ ದಿನ ಮೆಟ್ಟಿಲುಗಳ ಮೇಲೆ ಸಾಲಾಗಿ ನಿಂತು ಕೊಡವನ್ನು ಕೈಯಿಂದ ಕೈಗೆ ದಾಟಿಸಬೇಕು. ಗಿಡಮರಗಳಲ್ಲಿಯೂ ಹೀಗೆಯೇ. ಮಾವು, ಬೇವು, ಸಾಗುವಾನಿಗಳ ಕಟ್ಟಿಗೆಯಲ್ಲಿ ಕೋಶಗಳು ಒಂದರ ಮೇಲೊಂದು ನಿಂತು, ನಡುವಣ ಅಡ್ಡಗೋಡೆಗಳು ತೂತಾಗಿ, ಉದ್ದವಾದ ಕೊಳವೆಗಳಾಗಿರುತ್ತವೆ. ಪೈನ್, ದೇವದಾರುಗಳಲ್ಲಿ ಇಂಥ ಕೊಳವೆ ಇಲ್ಲ. ಅಲ್ಲಿನ ಕೋಶಗಳ ಎರಡೂ ತುದಿ ಮುಚ್ಚಿದ್ದು, ಗೋಡೆಯ ತೆಳುವಾದ ಕುಳಿಗಳ ಮೂಲಕ ನೀರು ಕೋಶದಿಂದ ಕೋಶಕ್ಕೆ ದಾಟುತ್ತದೆ. ಹೂ ಬಿಡುವ ಸಸ್ಯಗಳಲ್ಲಿ ಕೊಳವೆ ಇರುವುದೇ ವಾಡಿಕೆ. ಇಲ್ಲದವು ಬಹಳ ಅಪರೂಪ.

ಪೆಸಿಫಿಕ್ ಮಹಾಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಮಾತ್ರ ಬೆಳೆಯುವ ಅಂಬೊರೆಲ್ಲ ಎಂಬ ಪೊದೆಗಿಡವಿದೆ. ಸಣ್ಣ ಹೂ, ಸಣ್ಣ ಕೆಂಪು ಹಣ್ಣು. ನೋಡುವುದಕ್ಕೆ ವಿಶೇಷವೇನೂ ಇಲ್ಲ. ಹಿಂದಿನವರು ಅದನ್ನು ಬೇರೊಂದು ಕುಟುಂಬದೊಳಗೆ ಸೇರಿಸಿ ಸುಮ್ಮನಾಗಿದ್ದರು. ಬೈಲಿ ಮತ್ತು ಸ್ವಾಮಿ ಇಬ್ಬರೂ ಅದರ ಒಳರಚನೆಯನ್ನು ಪರೀಕ್ಷಿಸಿ, ಈ ಗಿಡದಲ್ಲಿ ನೀರಿನ ಕೊಳವೆಗಳೇ ಇಲ್ಲ, ಇದು ಇದುವರೆಗೆ ತಿಳಿಯದಿದ್ದ ಮಾದರಿಯ ಸಸ್ಯ ಎಂದು 1948ರಲ್ಲಿ ಪ್ರಕಟಿಸಿದರು.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. “ಇದೆ” ಎನ್ನುವುದಕ್ಕೆ ಒಂದು ಸೀಳು ಸಾಕು. “ಇಲ್ಲ” ಎನ್ನುವುದಕ್ಕೆ ಒಂದು ಸೀಳು ಸಾಲದು. ಎಲ್ಲೋ ಒಂದು ಕಡೆ ಕೊಳವೆ ಅಡಗಿರಬಹುದಲ್ಲವೇ? ಕಾಂಡದ ಉದ್ದಕ್ಕೂ ಅಡ್ಡಕ್ಕೂ ಕೊಯ್ದು, ಎಳೆಯದನ್ನೂ ಬಲಿತದ್ದನ್ನೂ ಸಂದೇಹ ಉಳಿಯದಷ್ಟು ನೋಡಿದವನು ಮಾತ್ರ “ಇಲ್ಲ” ಎಂದು ಸಹಿ ಹಾಕಬಲ್ಲ. ಸಂಶೋಧಕನ ದಿನಗಳಲ್ಲಿ ಹೆಚ್ಚಿನವು ಹೋಗುವುದು ಇಂಥ ಖಾತ್ರಿಗಾಗಿಯೇ. ಹೊರಗಿನವರಿಗೆ ಅದು ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿದಂತೆ ಕಾಣುತ್ತದೆ.

ಕತೆ ಅಲ್ಲಿಗೆ ಮುಗಿಯಲಿಲ್ಲ. ಸ್ವಾಮಿಯವರು ತೀರಿಕೊಂಡು ಹತ್ತೊಂಬತ್ತು ವರ್ಷಗಳಾದ ಮೇಲೆ, 1999ರಲ್ಲಿ, ಡಿ.ಎನ್.ಎ.ಯನ್ನು ಓದಿ ಸಸ್ಯಗಳ ವಂಶವೃಕ್ಷ ಬರೆಯುತ್ತಿದ್ದ ಹಲವು ತಂಡಗಳು ಹೆಚ್ಚುಕಡಮೆ ಒಟ್ಟಿಗೆ ಒಂದೇ ತೀರ್ಮಾನಕ್ಕೆ ಬಂದವು. ಇಂದು ಬದುಕಿರುವ ಸುಮಾರು ಮೂರು ಲಕ್ಷ ಬಗೆಯ ಹೂ ಬಿಡುವ ಸಸ್ಯಗಳಲ್ಲಿ, ಉಳಿದೆಲ್ಲವುಗಳಿಂದ ಮೊಟ್ಟಮೊದಲು ಕವಲೊಡೆದ ವಂಶದಲ್ಲಿ ಉಳಿದಿರುವುದು ಈ ಅಂಬೊರೆಲ್ಲ ಒಂದೇ ಎಂದು ಅವು ಹೇಳಿದವು. 2013ರಲ್ಲಿ ಅದರ ಇಡಿಯ ಜೀನೋಮನ್ನು ಓದಿ ಪ್ರಕಟಿಸಲಾಯಿತು. ಬೈಲಿ ಮತ್ತು ಸ್ವಾಮಿಯವರ ಕೈಯಲ್ಲಿ ಡಿ.ಎನ್.ಎ. ಓದುವ ಸಾಧನವಿರಲಿಲ್ಲ. ತಾವು ಕಂಡಷ್ಟನ್ನು, ಕಂಡಂತೆ, ಅವರು ಬರೆದಿಟ್ಟಿದ್ದರು. ಐವತ್ತು ವರ್ಷದ ಮೇಲೆ ಬಂದವರು ಹೊಸ ಉಪಕರಣದೊಡನೆ ಅದೇ ಗಿಡದ ಬಳಿಗೆ ಬಂದಾಗ ಹಳೆಯ ಬರವಣಿಗೆ ಸುಳ್ಳಾಗಲಿಲ್ಲ.

ಧೂಳಿನಂಥ ಬೀಜ

“ಇದೆಲ್ಲ ಸಸ್ಯಶಾಸ್ತ್ರವಾಯಿತು, ಬಯೋಟೆಕ್ನಾಲಜಿ ಎಲ್ಲಿ ಬಂತು?” ಎಂದು ಯಾರಾದರೂ ಕೇಳಬಹುದು. ಉತ್ತರ ಸ್ವಾಮಿಯವರ ಇನ್ನೊಂದು ಅಧ್ಯಯನದ ಪಕ್ಕದಲ್ಲಿಯೇ ಇದೆ.

ಮಲೆನಾಡಿನವರು ಸೀತಾಳೆ ದಂಡೆಯನ್ನು ಬಲ್ಲರು. ಅದು ಮರದ ಮೇಲೆ ಬೆಳೆಯುವ ಆರ್ಕಿಡ್. ಆರ್ಕಿಡ್ ಕುಟುಂಬದ ಭ್ರೂಣಗಳ ಬೆಳವಣಿಗೆಯ ಕುರಿತು ಸ್ವಾಮಿಯವರು ಮಾಡಿದ ವಿಸ್ತಾರವಾದ ಅಧ್ಯಯನ 1949ರಲ್ಲಿ ಪ್ರಕಟವಾಯಿತು. ಈ ಕುಟುಂಬದ ಬೀಜ ಧೂಳಿನ ಕಣದಂತಿರುತ್ತದೆ. ಒಳಗೆ ಕೆಲವೇ ಕೋಶಗಳ ಭ್ರೂಣ. ಭತ್ತ, ತೆಂಗುಗಳಲ್ಲಿರುವಂತೆ ಮೊಳಕೆಗೆ ಬೇಕಾದ ಬುತ್ತಿ ಅದರಲ್ಲಿ ಇಲ್ಲ. ಕಾಡಿನಲ್ಲಿ ಒಂದು ಜಾತಿಯ ಬೂಷ್ಟು ಜೊತೆಗೂಡಿ ಆಹಾರ ಒದಗಿಸಿದರೆ ಮಾತ್ರ ಅದು ಮೊಳೆಯುತ್ತದೆ.

ಬುತ್ತಿ ಇಲ್ಲವೆಂದು ತಿಳಿದ ಮೇಲೆ ಬುತ್ತಿ ಕಟ್ಟಿಕೊಡಬಹುದಲ್ಲವೇ? ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿಯೇ ಸಕ್ಕರೆ ಮತ್ತು ಲವಣಗಳನ್ನು ಬೆರೆಸಿದ ಅಗರ್ ಲೋಳೆಯ ಮೇಲೆ, ಬೂಷ್ಟಿನ ನೆರವಿಲ್ಲದೆ, ಆರ್ಕಿಡ್ ಬೀಜಗಳನ್ನು ಮೊಳೆಯಿಸಿ ತೋರಿಸಿದ್ದರು. 1960ರಲ್ಲಿ ಫ್ರಾನ್ಸಿನ ಜಾರ್ಜ್ ಮೊರೆಲ್ ಬೀಜದ ಗೊಡವೆಯೇ ಬೇಡವೆಂದು ಕುಡಿಯ ಚೂರಿನಿಂದಲೇ ಆರ್ಕಿಡ್ ಸಸಿಗಳನ್ನು ಬೆಳೆಸಿದರು. ನಮ್ಮ ದೇಶದಲ್ಲಿ ಪಂಚಾನನ ಮಾಹೇಶ್ವರಿಯವರು ದೆಹಲಿ ವಿಶ್ವವಿದ್ಯಾನಿಲಯದಲ್ಲಿ ಭ್ರೂಣಶಾಸ್ತ್ರದ ದೊಡ್ಡ ಶಾಲೆಯನ್ನೇ ಕಟ್ಟಿದರು. ಅಲ್ಲಿಯೇ 1964ರಲ್ಲಿ ಸಿಪ್ರಾ ಗುಹಾ ಮತ್ತು ಸತೀಶ್ ಮಾಹೇಶ್ವರಿ ಅವರು ಉಮ್ಮತ್ತಿಯ ಪರಾಗಕೋಶವನ್ನು ಗಾಜಿನ ನಳಿಗೆಯಲ್ಲಿ ಬೆಳೆಸಿ, ಪರಾಗದಿಂದಲೇ ಭ್ರೂಣಗಳು ಹುಟ್ಟುವುದನ್ನು ಕಂಡರು. ಲೋಕದ ಬೆಳೆ ಸುಧಾರಣೆಗಾರರು ಇಂದಿಗೂ ಆ ವಿಧಾನವನ್ನು ಬಳಸುತ್ತಾರೆ. ನಳಿಗೆಯೊಳಗಿನ ಮುದ್ದೆ ಭ್ರೂಣವೋ ಬರಿಯ ಗಂಟೋ ಎಂದು ಹೇಳಬಲ್ಲವರು ಯಾರು? ಸಾವಿರಾರು ಭ್ರೂಣಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪಳಗಿದ ಕಣ್ಣುಗಳವರೇ.

ಇಂದು ಅಂಧೇರಿಯ ಮಾರುಕಟ್ಟೆಯಲ್ಲಿ ನಾವು ಕೊಳ್ಳುವ ಜಳಗಾಂವ್ ಕಡೆಯ ಬಾಳೆಹಣ್ಣಿನಲ್ಲಿ ಬಹುಪಾಲು ಇಂಥ ಅಂಗಾಂಶ ಕೃಷಿಯ ಸಸಿಗಳಿಂದ ಬಂದದ್ದು. ಕುಡಿಯ ಚೂರಿನಿಂದ ಪ್ರಯೋಗಶಾಲೆಯಲ್ಲಿ ಹುಟ್ಟಿದ, ರೋಗವಿಲ್ಲದ, ಒಂದೇ ಎತ್ತರಕ್ಕೆ ಬೆಳೆಯುವ ಸಸಿಗಳು ಅವು. ಬಯೋಟೆಕ್ನಾಲಜಿ ಎಂಬ ದೊಡ್ಡ ಹೆಸರಿನ ಬುಡದಲ್ಲಿ ಇರುವುದು ಮೇಣದ ಗಟ್ಟಿಯನ್ನು ಕೊಯ್ಯುತ್ತ ಕುಳಿತವರ ತಾಳ್ಮೆ.

ಉಪಕರಣ ಬದಲಾಯಿತು

ಬೆಳಕಿನ ಸೂಕ್ಷ್ಮದರ್ಶಕಕ್ಕೆ ಒಂದು ಮಿತಿಯಿದೆಯೆಂದು ಜರ್ಮನಿಯ ಅರ್ನ್ಸ್ಟ್ ಅಬ್ಬೆ 1873ರಲ್ಲಿ ತೋರಿಸಿದ್ದರು. ಸುಮಾರು 0.2 ಮೈಕ್ರೊಮೀಟರಿಗಿಂತ ಹತ್ತಿರವಿರುವ ಎರಡು ಚುಕ್ಕೆಗಳು ಬೆಳಕಿನಲ್ಲಿ ಒಂದಾಗಿಯೇ ಕಾಣುತ್ತವೆ. 1931ರಲ್ಲಿ ರುಸ್ಕ ಮತ್ತು ನಾಲ್ ಎಂಬವರು ಬೆಳಕಿನ ಬದಲು ಇಲೆಕ್ಟ್ರಾನುಗಳನ್ನು ಬಳಸಿ ಈ ಮಿತಿಯನ್ನು ದಾಟುವ ದಾರಿ ತೆರೆದರು. ರುಸ್ಕರಿಗೆ ಅದಕ್ಕಾಗಿ ನೊಬೆಲ್ ಬಹುಮಾನ ಬಂದದ್ದು ಐವತ್ತೈದು ವರ್ಷಗಳ ಮೇಲೆ, 1986ರಲ್ಲಿ. ಹೊಳೆಯುವ ಕಣಗಳನ್ನು ಒಂದೊಂದಾಗಿ ಗುರುತಿಸಿ ಬೆಳಕಿನ ಮಿತಿಯನ್ನೂ ಮೀರಿದವರಿಗೆ 2014ರಲ್ಲಿಯೂ, ಪ್ರೊಟೀನುಗಳನ್ನು ಚಳಿಯಲ್ಲಿ ಹೆಪ್ಪುಗಟ್ಟಿಸಿ ಇಲೆಕ್ಟ್ರಾನುಗಳಿಂದ ನೋಡಿದವರಿಗೆ 2017ರಲ್ಲಿಯೂ ಆ ಬಹುಮಾನ ಸಂದಿತು.

ಇಂದಿನ ಸಂಶೋಧಕ ಚಿತ್ರವನ್ನು ಕೈಯಿಂದ ಬರೆಯುವುದಿಲ್ಲ, ಕ್ಯಾಮೆರಾ ತೆಗೆಯುತ್ತದೆ, ಕಂಪ್ಯೂಟರು ಅಳೆಯುತ್ತದೆ. ಹಾಗೆಂದು ಕೆಲಸ ಸುಲಭವಾಯಿತೆನ್ನುವಂತಿಲ್ಲ. ಕೋಶವನ್ನು ಕೆಡದಂತೆ ಸಿದ್ಧಪಡಿಸುವುದು ಇಂದಿಗೂ ಕೈಯ ಕೆಲಸ. ಅಲ್ಲದೆ ಒಂದು ಹೊಸ ಅಪಾಯವೂ ಬಂದಿದೆ. ಗುಂಡಿ ಒತ್ತಿ ಚಿತ್ರವನ್ನು ಬೆಳಗಿಸಬಹುದು, ಬೇಡದ ಚುಕ್ಕೆಯನ್ನು ಅಳಿಸಬಹುದು. ನೂರು ಚಿತ್ರಗಳಲ್ಲಿ ತನಗೆ ಅನುಕೂಲವಾದ ಒಂದನ್ನು ಮಾತ್ರ ಆರಿಸಿ ಮುದ್ರಿಸಬಹುದು. ಹೀಗೆ ತಿದ್ದಿದ ಚಿತ್ರಗಳಿಂದ ಹೆಸರಾಂತ ಲೇಖನಗಳೂ ಹಿಂತೆಗೆಯಲ್ಪಟ್ಟ ಉದಾಹರಣೆಗಳು ಅನೇಕ ದೇಶಗಳಲ್ಲಿವೆ. ಚಿತ್ರ ಚೆನ್ನಾಗಿರುವುದು ಬೇರೆ, ನಿಜವಾಗಿರುವುದು ಬೇರೆ. ಈ ವ್ಯತ್ಯಾಸ ಕಾಯುವುದು ಈ ವೃತ್ತಿಯ ಮೊದಲ ಧರ್ಮ.

ನಮ್ಮ ಮಕ್ಕಳಿಗಿರುವ ದಾರಿ

ಈಗ ತಂದೆಯ ಪ್ರಶ್ನೆ. ಬರಿಯ ಬಿ.ಎಸ್ಸಿ. ಪದವಿಯಿಂದ ಸಂಶೋಧಕರ ಹುದ್ದೆ ಸಿಗುವುದಿಲ್ಲವೆಂದು ಮೊದಲೇ ತಿಳಿದಿರುವುದು ಒಳ್ಳೆಯದು. ಪದವಿಗೆ ಮೂರು ಅಥವಾ ನಾಲ್ಕು ವರ್ಷ, ಎಂ.ಎಸ್ಸಿ.ಗೆ ಎರಡು, ಪಿಎಚ್.ಡಿ.ಗೆ ಸುಮಾರು ಐದು, ಅದರ ಮೇಲೆ ಬೇರೊಂದು ಪ್ರಯೋಗಶಾಲೆಯಲ್ಲಿ ಕೆಲವು ವರ್ಷಗಳ ಅನುಭವ. ವಿಶ್ವವಿದ್ಯಾನಿಲಯದಲ್ಲಿ ಕಾಯಂ ಕೆಲಸ ಸಿಗುವ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ. ಆದರೆ ಅಷ್ಟು ವರ್ಷವೂ ತಂದೆಯ ಗಂಟಿನಿಂದಲೇ ಓದಬೇಕಾಗಿಲ್ಲ. ಸಿ.ಎಸ್.ಐ.ಆರ್. ಮತ್ತು ಯು.ಜಿ.ಸಿ.ಗಳ ನೆಟ್ ಪರೀಕ್ಷೆಯಲ್ಲಿ ಫೆಲೋಶಿಪ್ ಗೆದ್ದವರಿಗೆ ಪಿಎಚ್.ಡಿ. ಕಾಲದಲ್ಲಿ ವೇತನವುಂಟು. 2023ರ ಪರಿಷ್ಕರಣೆಯಲ್ಲಿ ಅದು ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಎಂದು ಗೊತ್ತಾಯಿತು. ಸಂಶೋಧನೆ ಬೇಡವೆನ್ನುವವರಿಗೆ ಔಷಧಿ ಮತ್ತು ಲಸಿಕೆಯ ಕಾರ್ಖಾನೆಗಳು, ರೋಗಪರೀಕ್ಷಾಲಯಗಳು, ಬೀಜ ಮತ್ತು ಸಸಿಗಳ ಕಂಪೆನಿಗಳು ಇವೆ.

ಪದವಿಯ ಹೆಸರಿನಲ್ಲಿ ‘ಬಯೋಟೆಕ್ನಾಲಜಿ’ ಎಂದು ಇರಲೇಬೇಕೆಂಬ ಹಟವೂ ಬೇಡ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಯಾವುದನ್ನೇ ಆಳವಾಗಿ ಓದಿದವರೂ ಮುಂದೆ ಇತ್ತ ತಿರುಗಬಹುದು. ಕಾಲೇಜು ಆರಿಸುವಾಗ ಕಟ್ಟಡಕ್ಕಿಂತ ಪ್ರಯೋಗಶಾಲೆಯನ್ನು ನೋಡಿರಿ. ಸೂಕ್ಷ್ಮದರ್ಶಕಗಳು ಕಪಾಟಿನಲ್ಲಿ ಬೀಗದೊಳಗಿವೆಯೋ, ಮಕ್ಕಳ ಕೈಯಲ್ಲಿವೆಯೋ ಎಂದು ಕೇಳಿರಿ.

ಅಂಧೇರಿಯಲ್ಲಿ ಇರುವವರಿಗೆ ಒಂದು ಭಾಗ್ಯವಿದೆ. ವಿಶ್ವವಿದ್ಯಾನಿಲಯದ ಕಾಲಿನಾ ಆವರಣ ಸಮೀಪದಲ್ಲಿದೆ. ಪವಾಯಿಯ ಐ.ಐ.ಟಿ.ಯಲ್ಲಿ ಹೊರಗಿನ ಸಂಶೋಧಕರೂ ಶುಲ್ಕ ಕೊಟ್ಟು ತಮ್ಮ ಮಾದರಿಗಳನ್ನು ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿಕೊಳ್ಳುವ ಉಪಕರಣ ಕೇಂದ್ರವುಂಟು. ಕೋಟಿಗಟ್ಟಲೆ ಬೆಲೆಯ ಯಂತ್ರವನ್ನು ಪ್ರತಿಯೊಂದು ಕಾಲೇಜೂ ಕೊಳ್ಳಲಾರದಾದ್ದರಿಂದ ಇಂಥ ಹಂಚಿಕೆಯ ವ್ಯವಸ್ಥೆ ಬಹು ಉಪಕಾರಿ. ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1962ರಲ್ಲಿ ಒಬೈದ್ ಸಿದ್ದಿಕಿಯವರು ಅಣುಜೀವಶಾಸ್ತ್ರದ ವಿಭಾಗವನ್ನು ಆರಂಭಿಸಿದರು. ಅದರ ಕೊಂಬೆಯಾಗಿಯೇ ಬೆಂಗಳೂರಿನಲ್ಲಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಬೆಳೆಯಿತು. ಹೀಗೆ ನಮ್ಮ ಊರು ನಮ್ಮ ನಾಡಿಗೆ ಒಂದು ಸಂಸ್ಥೆಯನ್ನೇ ಕೊಟ್ಟಿದೆ.

ಮನೆಯಲ್ಲಿ ಮಾಡುವ ಪರೀಕ್ಷೆ

ಆ ಸಂಜೆ ನಾವು ಮಗಳಿಗೆ ಒಂದು ಕೆಲಸ ಹೇಳಿ ಕಳಿಸಿದೆವು. ಇದನ್ನು ಓದುವ ಮಕ್ಕಳೂ ಮಾಡಬಹುದು. ಈರುಳ್ಳಿಯ ಒಂದು ಪದರದ ಒಳಮೈಯಿಂದ ಕಾಗದಕ್ಕಿಂತ ತೆಳುವಾದ ಪೊರೆಯನ್ನು ಸುಲಿದು, ಗಾಜಿನ ಮೇಲೆ ಒಂದು ಹನಿ ನೀರಿನಲ್ಲಿ ಹರಡಿ, ಔಷಧಿ ಅಂಗಡಿಯ ಟಿಂಕ್ಚರ್ ಅಯೋಡಿನ್ ಒಂದು ತೊಟ್ಟು ಹಾಕಿ, ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡುವುದು. ಅದು ಸಿಗದಿದ್ದರೆ ಮನು ಪ್ರಕಾಶ್ ಮತ್ತು ಸಂಗಡಿಗರು 2014ರಲ್ಲಿ ಲೋಕದ ಮುಂದಿಟ್ಟ, ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುವ, ಮಡಿಚುವ ಕಾಗದದ ಸೂಕ್ಷ್ಮದರ್ಶಕವೂ ಆದೀತು. ಇಟ್ಟಿಗೆಗಳಂತೆ ಜೋಡಿಸಿದ ಕೋಶಗಳೂ ಒಂದೊಂದರಲ್ಲಿಯೂ ಒಂದು ಹಳದಿ ಚುಕ್ಕೆಯೂ ಕಾಣುತ್ತವೆ. ಹತ್ತು ಕೋಶಗಳ ಚಿತ್ರ ಬರೆಯುವುದು. ಮರುದಿನ ಬೇರೆ ಈರುಳ್ಳಿಯಿಂದ ಮತ್ತೆ ಹತ್ತು. ಪುಸ್ತಕದ ಚಿತ್ರ ನೋಡಿ ಬರೆಯಕೂಡದು. ಕಾಣದ್ದನ್ನು ಸೇರಿಸಕೂಡದು.

ಒಂದು ವಾರದ ಮೇಲೆ ಅವಳು ಒಬ್ಬಳೇ ಬಂದಳು. ನೋಟುಪುಸ್ತಕದಲ್ಲಿ ಎಪ್ಪತ್ತು ಕೋಶಗಳಿದ್ದವು. ಮೂರು ಕೋಶಗಳಲ್ಲಿ ಚುಕ್ಕೆ ಬರೆದಿರಲಿಲ್ಲ. “ಇವುಗಳಲ್ಲಿ ಇರಲೇಬೇಕು ಸರ್, ಆದರೆ ನನಗೆ ಕಾಣಲಿಲ್ಲ” ಎಂದಳು. ಅವಳ ತಂದೆಗೆ ಹೇಳಿಕಳಿಸಿದೆವು: ಕೆಲಸದ ಮಾತು ಆಮೇಲೆ ನೋಡೋಣ, ಈ ಹುಡುಗಿಯನ್ನು ವಿಜ್ಞಾನಕ್ಕೆ ಧಾರಾಳವಾಗಿ ಸೇರಿಸಿರಿ.